ಕೈಬದಲಾದ ಐಷಾರಾಮಿ ಫೋರ್ ವೀಲ್ ಡ್ರೈವ್: ಬೆಲೆ ಇಳಿದರೂ ಖರ್ಚು ಇಳಿಯದು

ಬೆಂಗಳೂರು: ಹೊಸದಾಗಿದ್ದಾಗ ಅರವತ್ತು, ಎಪ್ಪತ್ತು ಲಕ್ಷ ರೂಪಾಯಿ ಬೆಲೆಯಿದ್ದ ಐಷಾರಾಮಿ ಫೋರ್ ವೀಲ್ ಡ್ರೈವ್ ಕಾರು ಹತ್ತು ವರ್ಷ ಕಳೆಯುವ ಹೊತ್ತಿಗೆ ಮಧ್ಯಮ ದರ್ಜೆಯ ಹೊಸ ಕಾರಿನ ಬೆಲೆಗೇ ದೊರೆಯುವುದು ಇಂದು ಅಪರೂಪದ ಸಂಗತಿಯಲ್ಲ. ಚರ್ಮದ ಆಸನ, ಗಾಜಿನ ಛಾವಣಿ, ಎಂಥ ದಾರಿಯಲ್ಲೂ ಸಾಗಬಲ್ಲ ಸಾಮರ್ಥ್ಯ, ಎಲ್ಲಕ್ಕಿಂತ ಮಿಗಿಲಾಗಿ ಮುಂಭಾಗದಲ್ಲಿ ಹೊಳೆಯುವ ಲಾಂಛನ. ಕೊಳ್ಳುವವರ ಮನಸ್ಸು ಕರಗಲು ಇಷ್ಟು ಸಾಕು. ಆದರೆ ಇಂಥ ಕಾರಿನ ಮಾರಾಟ ಬೆಲೆ ಮಾತ್ರ ವಯಸ್ಸಿನೊಂದಿಗೆ ಇಳಿಯುತ್ತದೆ. ಬಿಡಿಭಾಗಗಳ ಬೆಲೆ ಹಾಗೂ ಮೆಕ್ಯಾನಿಕ್ ಕೂಲಿ ಅದು ಹೊಸದಾಗಿದ್ದಾಗಿನ ಮಟ್ಟದಲ್ಲೇ ಉಳಿಯುತ್ತವೆ. ಹದಿನೈದು ಲಕ್ಷಕ್ಕೆ ಕೊಂಡ ಕಾರು ಗ್ಯಾರೇಜಿನ ದೃಷ್ಟಿಯಲ್ಲಿ ಇಂದಿಗೂ ಎಪ್ಪತ್ತು ಲಕ್ಷದ ಕಾರೇ.

ನಮ್ಮಲ್ಲಿ ಈ ಮಾರುಕಟ್ಟೆ ಬಹಳ ಹಳೆಯದೇನಲ್ಲ. ಬಿಎಂಡಬ್ಲ್ಯು 2007ರಲ್ಲಿ ಚೆನ್ನೈ ಬಳಿ ಕಾರುಗಳ ಜೋಡಣೆ ಆರಂಭಿಸಿತು. ಟಾಟಾ ಮೋಟಾರ್ಸ್ 2008ರಲ್ಲಿ ಜಾಗ್ವಾರ್ ಲ್ಯಾಂಡ್ ರೋವರ್ ಸಂಸ್ಥೆಯನ್ನು ಖರೀದಿಸಿದ ಮರುವರ್ಷವೇ ಮುಂಬೈಯಲ್ಲಿ ಅದರ ಮೊದಲ ಮಳಿಗೆ ತೆರೆಯಿತು. 2011ರಲ್ಲಿ ಫ್ರೀಲ್ಯಾಂಡರ್ 2 ಮಾದರಿಯ ಜೋಡಣೆ ಪುಣೆಯಲ್ಲಿ ಶುರುವಾಯಿತು. ಆ ವರ್ಷಗಳಲ್ಲಿ ರಸ್ತೆಗಿಳಿದ ಡಿಸ್ಕವರಿ, ಎಕ್ಸ್5, ಕ್ಯೂ7 ಮುಂತಾದವು ಈಗ ಮೂರನೆಯ, ನಾಲ್ಕನೆಯ ಮಾಲೀಕರ ಕೈ ಸೇರುತ್ತಿವೆ. ತೊಂದರೆಗಳು ತಲೆದೋರುವುದೂ ಈ ವಯಸ್ಸಿನಲ್ಲೇ.

ಗಾಳಿಯ ಮೇಲೆ ನಿಂತ ಕಾರು

ಮೊದಲು ಗಮನಿಸಬೇಕಾದುದು ಏರ್ ಸಸ್ಪೆನ್ಷನ್. ಸಾಮಾನ್ಯ ಕಾರಿನಲ್ಲಿ ಚಕ್ರದ ಮೇಲ್ಭಾಗದಲ್ಲಿ ಉಕ್ಕಿನ ಸ್ಪ್ರಿಂಗ್ ಇರುತ್ತದೆ. ರೇಂಜ್ ರೋವರ್, ಡಿಸ್ಕವರಿ, ಮರ್ಸಿಡಿಸ್ ಜಿಎಲ್ ಮುಂತಾದ ಕಾರುಗಳಲ್ಲಿ ಆ ಜಾಗದಲ್ಲಿ ಗಾಳಿ ತುಂಬಿದ ರಬ್ಬರ್ ಚೀಲಗಳಿರುತ್ತವೆ. ಪುಟ್ಟ ಕಂಪ್ರೆಸರ್ ಒಂದು ಅವಕ್ಕೆ ಗಾಳಿ ಒದಗಿಸುತ್ತದೆ. ಪ್ರತಿ ಚಕ್ರದ ಬಳಿಯ ಸೆನ್ಸರ್ ಕಾರಿನ ಎತ್ತರವನ್ನು ಅಳೆದು ಕಂಪ್ಯೂಟರಿಗೆ ತಿಳಿಸುತ್ತದೆ. ಕಲ್ಲುಹಾದಿಯಲ್ಲಿ ಕಾರು ಮೇಲೇರುವುದು, ಹತ್ತಿಳಿಯುವಾಗ ತಗ್ಗುವುದು, ಹೊಂಡಗಳಲ್ಲೂ ದೋಣಿಯಂತೆ ತೇಲಿ ಸಾಗುವುದು ಈ ವ್ಯವಸ್ಥೆಯಿಂದಲೇ.

ಆದರೆ ರಬ್ಬರಿಗೆ ಆಯುಷ್ಯವಿದೆ. ಎಂಟು, ಹತ್ತು ವರ್ಷಗಳಲ್ಲಿ ಚೀಲದ ಮಡಿಕೆಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕು ಮೂಡಿ ಗಾಳಿ ಸೋರತೊಡಗುತ್ತದೆ. ಕಾರು ಓಡುತ್ತಿರುವಾಗ ಇದು ಗೊತ್ತೇ ಆಗದು. ಏಕೆಂದರೆ ಸೋರಿದಷ್ಟನ್ನೂ ಕಂಪ್ರೆಸರ್ ತುಂಬಿಕೊಡುತ್ತಿರುತ್ತದೆ. ಆಗೊಮ್ಮೆ ಈಗೊಮ್ಮೆ ಓಡಬೇಕಾದ ಯಂತ್ರ ಬಿಡುವಿಲ್ಲದೆ ಓಡಿ, ಕಡೆಗೊಂದು ದಿನ ಸುಟ್ಟುಹೋಗುತ್ತದೆ. ಆಗ ಚೀಲ ಹಾಗೂ ಕಂಪ್ರೆಸರ್ ಎರಡನ್ನೂ ಬದಲಿಸಬೇಕು. ಕಂಪ್ರೆಸರ್ ಮಾತ್ರ ಬದಲಿಸಿ ಸೋರಿಕೆಯನ್ನು ಹಾಗೇ ಬಿಟ್ಟರೆ ಹೊಸತಕ್ಕೂ ಹಳೆಯದರ ಗತಿಯೇ ಆಗುತ್ತದೆ. ಖರ್ಚು ತಪ್ಪಿಸಲು ಗಾಳಿಚೀಲ ತೆಗೆದು ಉಕ್ಕಿನ ಸ್ಪ್ರಿಂಗ್ ಹಾಕಿಸುವವರೂ ಇದ್ದಾರೆ. ಕಾರು ಓಡುತ್ತದೆ ನಿಜ. ಆದರೆ ಎತ್ತರ ಬದಲಿಸುವ ಸೌಲಭ್ಯ ಹೋಗುತ್ತದೆ, ಮುಂದೆ ಮಾರುವಾಗ ಬೆಲೆಯೂ ಕುಸಿಯುತ್ತದೆ. ಯಾವ ಗುಣಕ್ಕಾಗಿ ಆ ಕಾರನ್ನು ಕೊಂಡರೋ ಅದನ್ನೇ ಕಿತ್ತೆಸೆದಂತೆ.

ಇದನ್ನು ಪತ್ತೆ ಹಚ್ಚುವ ಉಪಾಯ ಸರಳ. ಸಂಜೆ ಕಾರನ್ನು ಪೂರ್ತಿ ಎತ್ತರಕ್ಕೆ ಏರಿಸಿ ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ನಾಲ್ಕೂ ಮೂಲೆಗಳ ಎತ್ತರವನ್ನು ಟೇಪಿನಿಂದ ಅಳೆದಿಡಬೇಕು. ಬೆಳಗ್ಗೆ ಎಂಜಿನ್ ಚಾಲೂ ಮಾಡುವ ಮುನ್ನ ಮತ್ತೊಮ್ಮೆ ಅಳೆಯಬೇಕು. ಒಂದು ಮೂಲೆ ಮಾತ್ರ ಸ್ಪಷ್ಟವಾಗಿ ಕುಸಿದಿದ್ದರೆ ಸೋರಿಕೆ ಅಲ್ಲಿದೆ ಎಂದೇ ಅರ್ಥ. ರಾತ್ರಿಯಿಡೀ ಕಾರು ನಿಲ್ಲಿಸಲು ಒಪ್ಪದ ಮಾರಾಟಗಾರನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ.

ಬಿಡಿಭಾಗಕ್ಕಿಂತ ಕೂಲಿ ದುಬಾರಿ

ಎಂಜಿನ್ ವಿಚಾರದಲ್ಲಿ ಬಿಡಿಭಾಗದ ಬೆಲೆಗಿಂತ ಅದನ್ನು ತಲುಪುವ ದಾರಿಯೇ ದುಬಾರಿ. ಡಿಸ್ಕವರಿ 3ರ 2.7 ಲೀಟರ್ ಡೀಸೆಲ್ ಎಂಜಿನ್‌ಗೆ ಮುಂಭಾಗದಲ್ಲಿ ಟೈಮಿಂಗ್ ಬೆಲ್ಟ್ ಇದೆ, ಹಿಂಭಾಗದಲ್ಲಿ ಇಂಧನ ಪಂಪ್ ತಿರುಗಿಸುವ ಇನ್ನೊಂದು ಬೆಲ್ಟ್ ಇದೆ. ಮುಂದಿನದನ್ನು ಬದಲಿಸಿ ಹಿಂದಿನದನ್ನು ಮರೆತ ನಿದರ್ಶನಗಳು ಕಡಿಮೆಯಲ್ಲ. ಇದೇ ಕಾರಿನ ಟರ್ಬೊ ಬದಲಿಸಬೇಕಾದರೆ ಹಲವು ಗ್ಯಾರೇಜುಗಳು ಕಾರಿನ ಬಾಡಿಯನ್ನೇ ಚಾಸಿಯಿಂದ ಮೇಲೆತ್ತುತ್ತವೆ. ಆಡಿಯ 3 ಲೀಟರ್ ಡೀಸೆಲ್ ಎಂಜಿನ್‌ನಲ್ಲೂ ಬಿಎಂಡಬ್ಲ್ಯುನ ಎನ್47 ಎಂಜಿನ್‌ನಲ್ಲೂ ಟೈಮಿಂಗ್ ಚೈನ್ ಇರುವುದು ಗೇರ್‌ಬಾಕ್ಸ್ ಕಡೆಗೆ. ಅಂಗೈಯಷ್ಟು ಗಾತ್ರದ ಪ್ಲಾಸ್ಟಿಕ್ ಗೈಡ್ ಸವೆದರೂ ಎಂಜಿನ್ ಇಲ್ಲವೇ ಗೇರ್‌ಬಾಕ್ಸ್ ಕೆಳಗಿಳಿಸದೆ ಗತ್ಯಂತರವಿಲ್ಲ. ತಣ್ಣನೆಯ ಎಂಜಿನ್ ಚಾಲೂ ಆದ ಮೊದಲ ಕ್ಷಣಗಳಲ್ಲಿ ಕೇಳಿಬರುವ ಸರಪಳಿಯ ಗಲಗಲ ಸದ್ದು ಇದರ ಮುನ್ಸೂಚನೆ. ಆದ್ದರಿಂದಲೇ ಕಾರು ನೋಡಲು ಹೋದಾಗ ಎಂಜಿನ್ ಮೊದಲೇ ಬಿಸಿಯಾಗಿದ್ದರೆ ಅನುಮಾನ ಪಡುವುದು ಕ್ಷೇಮ.

ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಎಣ್ಣೆಯ ಬಗ್ಗೆಯೂ ಒಂದು ತಪ್ಪು ಕಲ್ಪನೆ ಬೇರೂರಿದೆ. ಅದನ್ನು ಬದಲಿಸುವ ಅಗತ್ಯವೇ ಇಲ್ಲ ಎಂದು ಕಾರು ತಯಾರಕರು ಹೇಳುತ್ತ ಬಂದರು. ಆದರೆ ಈ ಕಾರುಗಳಲ್ಲಿ ಹಲವಕ್ಕೆ ಗೇರ್‌ಬಾಕ್ಸ್ ಪೂರೈಸುವ ಜರ್ಮನಿಯ ಝಡ್‌ಎಫ್ ಕಂಪನಿಯ ಸಲಹೆಯಂತೆ ಸುಮಾರು 80 ಸಾವಿರದಿಂದ 1 ಲಕ್ಷ 20 ಸಾವಿರ ಕಿಲೋಮೀಟರ್ ಓಡಿದಾಗ ಎಣ್ಣೆ ಬದಲಿಸಬೇಕು. ತಯಾರಕರ ಲೆಕ್ಕದಲ್ಲಿ 'ಜೀವಮಾನ' ಎಂದರೆ ಮೊದಲ ಮಾಲೀಕನ ಜೀವಮಾನವೇ ಇರಬೇಕು.

ನಾಲ್ಕೂ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಅನೇಕರಿಗೆ ತಿಳಿಯದೇ ಹಾಳಾಗುವ ಇನ್ನೊಂದು ಭಾಗ. ಟೈರುಗಳ ಸವೆತದಲ್ಲಿ ವ್ಯತ್ಯಾಸವಿದ್ದರೆ ಚಕ್ರಗಳ ಸುತ್ತಳತೆ ಬೇರೆಬೇರೆಯಾಗುತ್ತದೆ. ಆ ವ್ಯತ್ಯಾಸವನ್ನು ಸರಿದೂಗಿಸುವ ಕ್ಲಚ್ ನೇರ ರಸ್ತೆಯಲ್ಲೂ ಸವೆಯುತ್ತಲೇ ಇರುತ್ತದೆ. ಪಂಕ್ಚರ್ ಆದ ಒಂದು ಟೈರನ್ನು ಮಾತ್ರ ಬದಲಿಸಿ ಹಣ ಉಳಿಸುವುದು ಇಲ್ಲಿ ಉಳಿತಾಯವಲ್ಲ. ಲೋ ರೇಂಜ್ ಇರುವ ಕಾರಾದರೆ ತಿಂಗಳಿಗೊಮ್ಮೆಯಾದರೂ ಮಣ್ಣಿನ ನೆಲದಲ್ಲಿ ಅದನ್ನು ಬಳಸಬೇಕು. ಮಾಲ್‌ಗಳ ಪಾರ್ಕಿಂಗ್ ಇಳಿಜಾರಿಗಿಂತ ಕಡಿದಾದ ಏರನ್ನೇ ಕಾಣದ ಕಾರುಗಳಲ್ಲಿ ಅದರ ಮೋಟಾರು ಜಡ್ಡುಗಟ್ಟಿ ನಿಲ್ಲುವುದುಂಟು.

ಬೆಂಗಳೂರಿನ ಸಂಚಾರ ದಟ್ಟಣೆಯೂ ಈ ಕಾರುಗಳಿಗೆ ಹಿತವಲ್ಲ. ಹೊಸ ಪೀಳಿಗೆಯ ಡೀಸೆಲ್ ಎಂಜಿನ್‌ಗಳ ಹೊಗೆ ಶೋಧಕದಲ್ಲಿ ಸೇರುವ ಮಸಿ ಸುಟ್ಟುಹೋಗಬೇಕಾದರೆ ಹೆದ್ದಾರಿಯ ವೇಗದಲ್ಲಿ ಸ್ವಲ್ಪ ಹೊತ್ತು ಓಡಬೇಕು. ಸಿಲ್ಕ್ ಬೋರ್ಡ್ ವೃತ್ತದಲ್ಲೇ ದಿನ ಕಳೆಯುವ ಕಾರಿಗೆ ಆ ಭಾಗ್ಯವಿಲ್ಲ.

ಇವೆಲ್ಲಕ್ಕೂ ಹೋಲಿಸಿ ನೋಡಬಹುದಾದದ್ದು ಬಿಡದಿಯಲ್ಲಿ ತಯಾರಾಗುವ ಟೊಯೊಟಾ ಫಾರ್ಚೂನರ್. ಸೌಕರ್ಯದಲ್ಲಿ ಅದು ಯುರೋಪಿನ ಕಾರುಗಳಿಗೆ ಸಾಟಿಯಲ್ಲ. ಉಕ್ಕಿನ ಸ್ಪ್ರಿಂಗ್, ಒರಟು ಸವಾರಿ. ಆದರೆ ಅದನ್ನು ಬಲ್ಲ ಮೆಕ್ಯಾನಿಕ್ ಜಿಲ್ಲಾ ಕೇಂದ್ರಗಳಲ್ಲೂ ಸಿಗುತ್ತಾನೆ. ಹತ್ತು ವರ್ಷ ಹಳೆಯ ಫಾರ್ಚೂನರ್ ಬೆಲೆ ಅಷ್ಟಾಗಿ ಇಳಿಯದಿರುವುದಕ್ಕೂ ಅದೇ ವಯಸ್ಸಿನ ಐಷಾರಾಮಿ ಕಾರು ಪಾತಾಳಕ್ಕಿಳಿಯುವುದಕ್ಕೂ ಇದೇ ಮುಖ್ಯ ಕಾರಣ.

ದೆಹಲಿಯಿಂದ ಬಂದ ಕಾರು

ಅತಿ ಅಗ್ಗದ ಕಾರುಗಳು ಹೆಚ್ಚಾಗಿ ಬರುವುದು ದೆಹಲಿಯಿಂದ. ರಾಜಧಾನಿ ವಲಯದಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ವಾಹನಗಳನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ನಿರ್ಬಂಧಿಸಿತು. ಸುಪ್ರೀಂ ಕೋರ್ಟ್ 2018ರಲ್ಲಿ ಅದನ್ನು ಎತ್ತಿಹಿಡಿಯಿತು. 2025ರ ಆಗಸ್ಟ್‌ನಲ್ಲಿ ಅದೇ ನ್ಯಾಯಾಲಯ ಮಾಲೀಕರ ವಿರುದ್ಧ ಬಲವಂತದ ಕ್ರಮ ಬೇಡವೆಂದು ಮಧ್ಯಂತರ ಆದೇಶ ನೀಡಿತಾದರೂ ಗಡುವಿನ ಭಯ ಹಲವು ವರ್ಷಗಳಿಂದ ಅಲ್ಲಿನ ಬೆಲೆಯನ್ನು ಕುಗ್ಗಿಸಿದೆ. ಏಳೆಂಟು ವರ್ಷವಾದ ಡೀಸೆಲ್ ಕಾರನ್ನು ಅಲ್ಲಿನವರು ಬಂದಷ್ಟಕ್ಕೆ ಮಾರುತ್ತಾರೆ, ಇಲ್ಲಿನವರು ಲಾಭವೆಂದುಕೊಂಡು ತರುತ್ತಾರೆ.

ಆ ಲಾಭ ಬಹುಮಟ್ಟಿಗೆ ಕರಗುವುದು ಆರ್‌ಟಿಒ ಕಚೇರಿಯಲ್ಲಿ. ಮೋಟಾರು ವಾಹನ ಕಾಯ್ದೆ ಪ್ರಕಾರ ಬೇರೆ ರಾಜ್ಯದ ವಾಹನ ಇಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಉಳಿದರೆ ಇಲ್ಲಿಯೇ ನೋಂದಣಿಯಾಗಬೇಕು. ಕರ್ನಾಟಕದಲ್ಲಿ 20 ಲಕ್ಷ ರೂಪಾಯಿಗಿಂತ ಹೆಚ್ಚು ಬೆಲೆಯ ಕಾರಿಗೆ ಜೀವಿತಾವಧಿ ತೆರಿಗೆ ಶೇ 18. ಅದರ ಮೇಲೆ ಸೆಸ್ ಬೇರೆ. ಹಳೆಯ ಕಾರಿಗೆ ವಯಸ್ಸಿಗೆ ಅನುಗುಣವಾಗಿ ತೆರಿಗೆ ಇಳಿಯುತ್ತದೆಯಾದರೂ ಲೆಕ್ಕ ಹಾಕುವುದು ಕಾರಿನ ಮೂಲ ಬೆಲೆಯ ಮೇಲೆ. ನೀವು ಕೊಟ್ಟ ಬೆಲೆಯ ಮೇಲಲ್ಲ. ಮೂಲ ಬೆಲೆ 60 ಲಕ್ಷವಿದ್ದರೆ ಪೂರ್ಣ ತೆರಿಗೆ 10 ಲಕ್ಷ 80 ಸಾವಿರ. ವಯಸ್ಸಿನ ಕಾರಣ ಅದು ಅರ್ಧಕ್ಕಿಳಿಯಿತೆಂದು ಭಾವಿಸಿದರೂ 5 ಲಕ್ಷ 40 ಸಾವಿರ ಕಟ್ಟಬೇಕು. ಹನ್ನೆರಡು ಲಕ್ಷಕ್ಕೆ ತಂದ ಕಾರಿಗೆ ಇದು ಸಣ್ಣ ಮೊತ್ತವಲ್ಲ. ಮೊದಲ ರಾಜ್ಯದಲ್ಲಿ ಕಟ್ಟಿದ ತೆರಿಗೆಯ ಉಳಿಕೆ ಪಾಲನ್ನು ಕೇಳಲು ಅಲ್ಲಿಗೇ ಅರ್ಜಿ ಹಾಕಬೇಕು. ತೆರಿಗೆ ಕಟ್ಟದೆ ಹೊರರಾಜ್ಯದ ಫಲಕದಲ್ಲೇ ಓಡಾಡಿದರಾಯಿತು ಎಂದುಕೊಂಡಿದ್ದ ಹಲವರ ಐಷಾರಾಮಿ ಕಾರುಗಳನ್ನು ಸಾರಿಗೆ ಇಲಾಖೆ 2025ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ವಶಪಡಿಸಿಕೊಂಡಿತ್ತು. ಹಣ ಕೊಡುವ ಮೊದಲೇ ನಿರಾಕ್ಷೇಪಣಾ ಪತ್ರ, ಸಾಲ ತೀರಿದ ದಾಖಲೆ, ಮೂಲ ಇನ್‌ವಾಯ್ಸ್ ಕೈಸೇರಿರಬೇಕು. ಬಾಕಿ ದಂಡ ಹಾಗೂ ಸಾಲದ ವಿವರವನ್ನು ಪರಿವಾಹನ್ ಜಾಲತಾಣದಲ್ಲಿ ಪರಿಶೀಲಿಸಬಹುದು.

ಪ್ರವಾಹದಲ್ಲಿ ಮುಳುಗಿದ್ದ ಕಾರುಗಳ ಬಗ್ಗೆ ವಿಶೇಷ ಎಚ್ಚರ ಬೇಕು. 2015ರ ಚೆನ್ನೈ ನೆರೆಯಲ್ಲಿ, 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಪೂರ್ವ ಭಾಗದ ಬಡಾವಣೆಗಳಲ್ಲಿ ದುಬಾರಿ ಕಾರುಗಳು ನೀರಿನಲ್ಲಿ ನಿಂತದ್ದನ್ನು ಓದುಗರು ಮರೆತಿರಲಾರರು. ವಿಮಾ ಕಂಪನಿ ಪೂರ್ಣ ನಷ್ಟವೆಂದು ಬರೆದುಹಾಕಿದ ಕಾರು ಹರಾಜಿನ ಮೂಲಕ ದುರಸ್ತಿಯಾಗಿ ಮತ್ತೆ ಮಾರುಕಟ್ಟೆಗೆ ಬರಬಹುದು. ಈ ಕಾರುಗಳಲ್ಲಿ ಹಲವು ನಿಯಂತ್ರಣ ಘಟಕಗಳೂ ತಂತಿಗಳೂ ಆಸನದ ಕೆಳಗೆ, ಕಾರ್ಪೆಟ್ ಅಡಿಯಲ್ಲಿರುತ್ತವೆ. ಅಲ್ಲಿ ಹಿಡಿದ ತುಕ್ಕು ಒಂದೆರಡು ವರ್ಷದ ನಂತರ ಕಾಡತೊಡಗುತ್ತದೆ. ಆಸನದ ಹಳಿಗಳ ತುಕ್ಕು, ಬಿಡಿ ಟೈರಿನ ಗುಂಡಿಯಲ್ಲಿ ಕೆಸರಿನ ಗೆರೆ, ಹೆಡ್‌ಲೈಟ್ ಒಳಗಿನ ತೇವ ಇದರ ಗುರುತುಗಳು.

ಕೆಟ್ಟರೆ ವಿಮೆ ಇದೆಯಲ್ಲ ಎಂಬ ಧೈರ್ಯವೂ ಹೆಚ್ಚು ಕಾಲ ನಿಲ್ಲದು. ಸಮಗ್ರ ವಿಮೆ ಅಪಘಾತಕ್ಕೆ, ಕಳ್ಳತನಕ್ಕೆ ಅನ್ವಯಿಸುತ್ತದೆಯೇ ಹೊರತು ಸವೆತಕ್ಕಾಗಲಿ ಯಾಂತ್ರಿಕ ವೈಫಲ್ಯಕ್ಕಾಗಲಿ ಅಲ್ಲ. ಅಪಘಾತದಲ್ಲೂ ರಬ್ಬರ್ ಹಾಗೂ ಪ್ಲಾಸ್ಟಿಕ್ ಭಾಗಗಳ ಮೇಲೆ ಶೇ 50ರಷ್ಟು ಸವಕಳಿ ಕಡಿತವಾಗುತ್ತದೆ.

ಇಷ್ಟಾದರೂ ಆಸೆ ಬಿಡದವರು ಮೊದಲು ಕಾರನ್ನಲ್ಲ, ಗ್ಯಾರೇಜನ್ನು ಹುಡುಕುವುದು ಲೇಸು. ಆ ಕಂಪನಿಯ ಕಾರುಗಳನ್ನೇ ದುರಸ್ತಿ ಮಾಡುವ, ಆ ಕಂಪನಿಗೇ ಮೀಸಲಾದ ಸ್ಕ್ಯಾನರ್ ಇರುವ ಸ್ವತಂತ್ರ ಗ್ಯಾರೇಜುಗಳು ಬೆಂಗಳೂರಿನಲ್ಲಿವೆ. ಎಲ್ಲ ಕಾರಿಗೂ ಬಳಸುವ ಅಗ್ಗದ ಉಪಕರಣ ಎಂಜಿನ್ ದೋಷವನ್ನಷ್ಟೇ ತೋರಿಸುತ್ತದೆ. ಸಸ್ಪೆನ್ಷನ್, ಟ್ರಾನ್ಸ್‌ಫರ್ ಕೇಸ್ ದೋಷಗಳು ಅದರ ಕಣ್ಣಿಗೆ ಬೀಳುವುದಿಲ್ಲ. ಮೀಟರ್ ತಿರುಗಿಸಿದ್ದಾರೆಯೇ ಎಂಬುದೂ ಇತರ ಘಟಕಗಳಲ್ಲಿ ಉಳಿದ ಕಿಲೋಮೀಟರ್ ದಾಖಲೆಯಿಂದ ಹಲವು ಬಾರಿ ಬಯಲಾಗುತ್ತದೆ. ಖರೀದಿ ಬೆಲೆಯ ಮೂರನೆಯ ಒಂದು ಭಾಗವನ್ನಾದರೂ ಮೊದಲ ವರ್ಷದ ದುರಸ್ತಿಗೆ ಬೇರೆಯಾಗಿ ಇಟ್ಟುಕೊಳ್ಳದವರು ಕೈಹಾಕದಿರುವುದೇ ಒಳಿತು.

ಹದಿನೈದು ವರ್ಷ ತುಂಬಿದ ಮೇಲೆ ನೋಂದಣಿ ನವೀಕರಣದ ಪ್ರಶ್ನೆ ಬರುತ್ತದೆ. 2022ರ ಏಪ್ರಿಲ್‌ನಿಂದ ಸಾಮಾನ್ಯ ಕಾರಿಗೆ ಈ ಶುಲ್ಕ 5 ಸಾವಿರ ರೂಪಾಯಿಯಾದರೆ ಆಮದಾದ ಕಾರಿಗೆ 40 ಸಾವಿರ. ಇಪ್ಪತ್ತು ವರ್ಷ ದಾಟಿದ ಆಮದು ಕಾರಿಗೆ 2025ರ ಆಗಸ್ಟ್‌ನಿಂದ ಅದು 80 ಸಾವಿರ. ನವೀಕರಣದ ಅವಧಿ ಐದು ವರ್ಷ ಮಾತ್ರ. ಹದಿಮೂರು, ಹದಿನಾಲ್ಕು ವರ್ಷದ ಕಾರು ತೀರಾ ಅಗ್ಗವಾಗಿ ಕಂಡಾಗ ಅದರ ನೋಂದಣಿ ಪತ್ರದ ಕೊನೆಯ ದಿನಾಂಕವನ್ನೂ ನೋಡಬೇಕು.