ಎಲೆ ನೋಡಿ ರೋಗ ಹೇಳುವ ಯಂತ್ರ: ಸಣ್ಣ ಕಂಪನಿಗೂ ಇಲ್ಲಿ ಜಾಗವುಂಟು

ಮೊಬೈಲಿನಿಂದ ಎಲೆಯ ಚಿತ್ರ ತೆಗೆದರೆ ಸಾಕು, ಬೆಳೆಗೆ ತಗುಲಿದ ರೋಗ ಯಾವುದೆಂಬುದನ್ನು ಕೃತಕ ಬುದ್ಧಿಮತ್ತೆಯು ಹೇಳಿಬಿಡುತ್ತದೆ ಎಂಬ ಮಾತು ಈಗ ಹಳ್ಳಿಗಳಿಗೂ ಮುಟ್ಟಿದೆ. ಮಾತು ಸುಳ್ಳಲ್ಲ. ಆದರೆ ಆ ಯಂತ್ರವು ಯಾರ ಹೊಲವನ್ನು ನೋಡಿ ಪಾಠ ಕಲಿತದ್ದು ಎಂಬುದನ್ನು ರೈತ ಬಾಂಧವರು ಮೊದಲು ವಿಚಾರಿಸತಕ್ಕದ್ದು. ಯಂತ್ರವು ತಪ್ಪು ರೋಗ ಹೇಳಿದರೆ ತಪ್ಪು ಔಷಧಿಗೆ ಹಣ ತೆರುವವನು ರೈತನೇ ಹೊರತು ಯಂತ್ರ ಮಾಡಿದವನಲ್ಲ.

ಪಕ್ಷಪಾತ ಬರುವ ಬಗೆ

ಯಂತ್ರಕ್ಕೆ ಹಗೆಯೂ ಇಲ್ಲ, ಒಲವೂ ಇಲ್ಲ. ತೋರಿಸಿಕೊಟ್ಟಷ್ಟನ್ನೇ ಅದು ಬಲ್ಲದು. ಬಿತ್ತಿದಂತೆ ಬೆಳೆ ಎಂಬ ಗಾದೆ ಇಲ್ಲಿಯೂ ನಿಜ.

2016ರಲ್ಲಿ ಮೊಹಾಂತಿ, ಹ್ಯೂಸ್, ಸಲಾಥೆ ಎಂಬ ಮೂವರು ವಿಜ್ಞಾನಿಗಳು ‘ಪ್ಲಾಂಟ್‌ವಿಲೇಜ್’ ಎಂಬ ಸಂಗ್ರಹದ 54,306 ಎಲೆಚಿತ್ರಗಳನ್ನು ಬಳಸಿ ಯಂತ್ರಕ್ಕೆ ಪಾಠ ಹೇಳಿದರು. ಅದೇ ಸಂಗ್ರಹದಿಂದ ಪರೀಕ್ಷೆಗೆಂದು ಎತ್ತಿಟ್ಟಿದ್ದ ಚಿತ್ರಗಳನ್ನು ತೋರಿಸಿದಾಗ ನೂರಕ್ಕೆ 99 ಉತ್ತರ ಸರಿ ಬಂದವು. ಬೇರೆ ಕಡೆ, ಬೇರೆ ಬಗೆಯಲ್ಲಿ ತೆಗೆದ ಚಿತ್ರಗಳನ್ನು ತೋರಿಸಿದಾಗಲಾದರೋ ನೂರಕ್ಕೆ 31 ಮಾತ್ರ ಸರಿಯಾದವು. ವಿಜ್ಞಾನಿಗಳೇ ಇದನ್ನು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ.

ಕಾರಣ ತಿಳಿಯುವುದು ಕಷ್ಟವಲ್ಲ. ಕಿತ್ತ ಎಲೆಯನ್ನು ಒಂದೇ ಬಣ್ಣದ ಹಿನ್ನೆಲೆಯ ಮೇಲಿಟ್ಟು ತೆಗೆದ ಚಿತ್ರಗಳವು. ಹೊಲದಲ್ಲಿಯಾದರೆ ಎಲೆಯ ಮೇಲೆ ಧೂಳಿರುತ್ತದೆ, ನೆರಳು ಬೀಳುತ್ತದೆ, ಹಿಂದೆ ಕಳೆ ಕಾಣುತ್ತದೆ. ಇದಲ್ಲದೆ ಆ ಸಂಗ್ರಹದಲ್ಲಿದ್ದುದು ಸೇಬು, ದ್ರಾಕ್ಷಿ, ಟೊಮೆಟೊ, ಆಲೂಗಡ್ಡೆ, ಮೆಕ್ಕೆಜೋಳ ಮೊದಲಾದ 14 ಬೆಳೆಗಳು. ಕಾಸರಗೋಡಿನ ಅಡಿಕೆ, ಜತ್ತದ ದಾಳಿಂಬೆ, ಆದವಾನಿಯ ಹತ್ತಿ, ಮಡಕಶಿರದ ನೆಲಗಡಲೆ, ತಾಳವಾಡಿಯ ರಾಗಿ ಇವುಗಳಲ್ಲಿ ಒಂದೂ ಅದರಲ್ಲಿರಲಿಲ್ಲ.

ಸಣ್ಣವರಿಗೆ ಇರುವ ದಾರಿ

ದೊಡ್ಡ ಕಂಪನಿಯ ಕಣ್ಣು ದೊಡ್ಡ ಸಂತೆಯ ಮೇಲೆ. ಬಹುಜನರಿಗೆ ಸರಿಹೋದರೆ ಅದರ ವ್ಯಾಪಾರ ನಡೆಯುತ್ತದೆ. ಗಡಿಯಂಚಿನ ನಾಲ್ಕು ತಾಲ್ಲೂಕುಗಳಿಗಾಗಿ ಬೇರೆ ಖರ್ಚು ಮಾಡುವುದು ಅದಕ್ಕೆ ಲಾಭವೆಂದು ತೋರದು. ಹೀಗೆ ಬೀಳು ಬಿಟ್ಟ ನೆಲವೇ ಸಣ್ಣ ಕಂಪನಿಯು ಉಳಬೇಕಾದ ನೆಲವೆಂದು ನಾವು ಹೇಳುತ್ತೇವೆ.

ಅಷ್ಟು ಬಂಡವಾಳ ಸಣ್ಣವರಿಗೆ ಎಲ್ಲಿಂದ ಎಂದು ಕೇಳಬಹುದು. ಇದಕ್ಕೆ ಉತ್ತರ ಕಸಿಯಲ್ಲಿದೆ. ಬಲವಾದ ಬೇರುಳ್ಳ ಗಿಡಕ್ಕೆ ನಮಗೆ ಬೇಕಾದ ಕುಡಿಯನ್ನು ಕಟ್ಟುವುದಿಲ್ಲವೇ? 2017ರಲ್ಲಿ ಪ್ರಕಟವಾದ ಮರಗೆಣಸಿನ ಸಂಶೋಧನೆಯಲ್ಲಿ ಆದುದು ಇದೇ. ಗೂಗಲ್ ಕಂಪನಿಯವರು ಮೊದಲೇ ಸಿದ್ಧಪಡಿಸಿ ಎಲ್ಲರಿಗೂ ಬಿಟ್ಟುಕೊಟ್ಟಿದ್ದ ಒಂದು ಯಂತ್ರಕ್ಕೆ ಸಂಶೋಧಕರು ಟಾಂಜಾನಿಯಾದ ಹೊಲಗಳಲ್ಲೇ ತೆಗೆದ 2,756 ಚಿತ್ರಗಳಿಂದ ಹೊಸ ಪಾಠ ಹೇಳಿದರು. ಪರೀಕ್ಷೆಯಲ್ಲಿ ನೂರಕ್ಕೆ 93 ಸರಿಯಾದವು.

ಆ ಕೆಲಸದಿಂದ ಮುಂದೆ ‘ನುರು’ ಎಂಬ ಮೊಬೈಲ್ ಸಾಧನ ಬಂದಿತು. ಅದಕ್ಕೆ ನೆಟ್‌ವರ್ಕ್ ಇಲ್ಲದಿದ್ದರೂ ನಡೆಯುತ್ತದೆ. ಅದನ್ನು ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದ ಲೆಕ್ಕ ಹೀಗಿದೆ: ಯಂತ್ರ ಹೇಳಿದುದು ನೂರಕ್ಕೆ 65 ಸರಿ, ಕೃಷಿ ವಿಸ್ತರಣಾ ಸಿಬ್ಬಂದಿ ಹೇಳಿದುದು 40ರಿಂದ 58, ರೈತರು ಹೇಳಿದುದು 18ರಿಂದ 31. ಒಂದು ಗಿಡದ ಆರು ಎಲೆಗಳನ್ನು ತೋರಿಸಿದಾಗ ಯಂತ್ರದ ಲೆಕ್ಕವು ಏರಿ 74ರಿಂದ 88ರ ನಡುವೆ ನಿಂತಿತು. ಒಂದೇ ಎಲೆಯನ್ನು ತೋರಿಸಿ ಔಷಧಿ ಅಂಗಡಿಗೆ ಓಡಬಾರದೆಂಬ ಬುದ್ಧಿಯನ್ನು ನಾವು ಇದರಿಂದ ಕಲಿಯಬಹುದು.

ಮಾತಿನ ವಿಷಯ

ಎಲೆಗೆ ಹೇಳಿದುದು ಮಾತಿಗೂ ಸಲ್ಲುತ್ತದೆ. ಮಾತನ್ನು ಕೇಳಿ ಬರೆದುಕೊಳ್ಳುವ ಐದು ದೊಡ್ಡ ಅಮೆರಿಕನ್ ಕಂಪನಿಗಳ ಯಂತ್ರಗಳನ್ನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಪರೀಕ್ಷಿಸಿ 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ಬಿಳಿಯರ ಇಂಗ್ಲಿಷಿನಲ್ಲಿ ನೂರು ಪದಗಳಿಗೆ 19 ತಪ್ಪುಗಳಿದ್ದರೆ ಕರಿಯರ ಇಂಗ್ಲಿಷಿನಲ್ಲಿ 35 ಇದ್ದವು. ಭಾಷೆ ಒಂದೇ ಆದರೂ ಆಡುವ ಬಗೆ ಬೇರೆ. ಮರಾಠಿ ಬೆರೆತ ಅಕ್ಕಲಕೋಟೆಯ ಕನ್ನಡವನ್ನೂ, ತುಳು ಮಲಯಾಳ ಸೋಂಕಿದ ಕಾಸರಗೋಡಿನ ಕನ್ನಡವನ್ನೂ ಪಟ್ಟಣದ ಕನ್ನಡವನ್ನಷ್ಟೇ ಕೇಳಿ ಬೆಳೆದ ಯಂತ್ರವು ಹೇಗೆ ತಿಳಿದೀತು?

ನ್ಯೂಜಿಲೆಂಡಿನ ಉತ್ತರದ ತುದಿಯಲ್ಲಿ ‘ತೆ ಹಿಕು ಮೀಡಿಯಾ’ ಎಂಬ ಸಣ್ಣ ಬಾನುಲಿ ಸಂಸ್ಥೆಯಿದೆ. ಅದು ಲಾಭದ ಕಂಪನಿಯಲ್ಲ, ಮಾವೊರಿ ಜನರದೇ ಸಂಸ್ಥೆ. 2018ರಲ್ಲಿ ಅವರು ಕರೆಕೊಟ್ಟಾಗ ಸುಮಾರು 2,500 ಜನ ಮುಂದೆ ಬಂದು, ಹತ್ತೇ ದಿನಗಳಲ್ಲಿ 300 ಗಂಟೆಗೂ ಮಿಕ್ಕಿ ಮಾವೊರಿ ಮಾತನ್ನು ಓದಿಕೊಟ್ಟರು. ಅದರಿಂದ ಆ ಭಾಷೆಯನ್ನು ಬರೆದುಕೊಳ್ಳುವ ಯಂತ್ರ ಸಿದ್ಧವಾಯಿತು. ಧ್ವನಿಯ ಆ ಭಂಡಾರವನ್ನು ಅವರು ಹೊರಗಿನ ಕಂಪನಿಗಳಿಗೆ ಬಿಟ್ಟುಕೊಡದೆ ತಮ್ಮ ಕೈಯಲ್ಲಿಯೇ ಇಟ್ಟುಕೊಂಡಿದ್ದಾರೆ.

ಕಂಪನಿಯವರು ಬಂದರೆ ಕೇಳಬೇಕಾದುದು

ದೋಷ ಬಯಲಾದ ಮೇಲೆ ದೊಡ್ಡವರೂ ತಿದ್ದಿಕೊಳ್ಳಬಲ್ಲರು. ಆದುದರಿಂದ ಸಣ್ಣ ಕಂಪನಿಯು ಒಂದು ಸಲ ಚಿತ್ರ ತೆಗೆದುಕೊಂಡು ಹೋದರೆ ಸಾಲದು. ಹಂಗಾಮು ಹಂಗಾಮಿಗೂ ಹೊಲಕ್ಕೆ ಬಂದು ತಪ್ಪನ್ನು ಎಣಿಸಿ ತಿದ್ದಬೇಕು. ರೈತರ ನಂಬಿಕೆಯೊಂದೇ ಇತರರು ಹಣ ಕೊಟ್ಟು ಕೊಳ್ಳಲಾರದ ಬಂಡವಾಳ.

ಅಂಥವರು ಊರಿಗೆ ಬಂದಾಗ ನಮ್ಮ ಬಾಂಧವರು ಮೂರು ಮಾತು ಕೇಳಲಿ. ನಮ್ಮ ಸೀಮೆಯ, ನಮ್ಮ ಬೆಳೆಯ ಎಷ್ಟು ಚಿತ್ರಗಳನ್ನು ನಿಮ್ಮ ಯಂತ್ರ ನೋಡಿದೆ? ಒಟ್ಟು ಲೆಕ್ಕ ಬೇಡ, ನಮ್ಮ ಬೆಳೆಯೊಂದರಲ್ಲಿ ನೂರಕ್ಕೆ ಎಷ್ಟು ಸರಿ? ನಾವು ಕೊಡುವ ಚಿತ್ರಕ್ಕೂ ಮಾತಿಗೂ ಯಾರು ಒಡೆಯರು, ನಮಗೆ ಸಲ್ಲುವುದೇನು?

ಮೂರಕ್ಕೂ ಲಿಖಿತ ಉತ್ತರ ಕೊಡುವ ಕಂಪನಿಗೆ ಸಹಕಾರ ಸಂಘದ ಮೂಲಕ ನೆರವಾಗುವುದು ಒಳ್ಳೆಯದು. ಉತ್ತರ ಕೊಡದವರಿಗೆ ಚಿತ್ರಗಳನ್ನು ಪುಕ್ಕಟೆಯಾಗಿ ಕೊಡಬೇಡಿರಿ. ಬಿತ್ತನೆಯ ಬೀಜವನ್ನು ದಾರಿಹೋಕರಿಗೆ ಯಾರೂ ಅಳೆದುಕೊಡುವುದಿಲ್ಲ.