ವಾಲಿಬಾಲ್ ಕೋಚ್: ನಾವು ನಂಬಿದ್ದು, ನಡೆದದ್ದು

ಕರಾವಳಿಯಲ್ಲೋ ಮಲೆನಾಡಿನಲ್ಲೋ ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾವಳಿ ನಡೆಯುವಾಗ ಅಂಕಣದ ಪಕ್ಕ ನಿಂತರೆ ಕೋಚ್‌ಗಳ ಬಗ್ಗೆ ಬೇಕಾದಷ್ಟು ತೀರ್ಪುಗಳು ಕಿವಿಗೆ ಬೀಳುತ್ತವೆ. ಆಡಿ ಗೆದ್ದವನೇ ಕಲಿಸಬಲ್ಲ. ಬೈಯದ ಕೋಚ್ ಕೋಚೇ ಅಲ್ಲ. ಸೋತ ಮೇಲೆ ಅವನನ್ನು ಇಟ್ಟುಕೊಳ್ಳುವುದೇಕೆ? ಯಾವ ದುರುದ್ದೇಶವೂ ಇಲ್ಲದೆ ಆಡುವ ಮಾತುಗಳಿವು. ಆದರೆ ಇವುಗಳ ಬೆಲೆ ತೆರುವವರು ಹದಿನಾಲ್ಕು, ಹದಿನೈದರ ಹುಡುಗ ಹುಡುಗಿಯರು. ಹಾಗಾಗಿ ಜಗತ್ತಿನ ದೊಡ್ಡ ಕೋಚ್‌ಗಳು ನಡೆದು ಬಂದ ದಾರಿಯನ್ನು ಎದುರಿಗಿಟ್ಟುಕೊಂಡು ಇವನ್ನು ಒರೆಗೆ ಹಚ್ಚಿ ನೋಡಲೇಬೇಕು.

“ದೊಡ್ಡ ಆಟಗಾರನೇ ದೊಡ್ಡ ಕೋಚ್ ಆಗುತ್ತಾನೆ”

ಇದು ಅರ್ಧ ನಿಜ. ಚೀನಾದ ಲಾಂಗ್ ಪಿಂಗ್ 1984ರಲ್ಲಿ ಆಟಗಾರ್ತಿಯಾಗಿ, 2016ರಲ್ಲಿ ಕೋಚ್ ಆಗಿ ಒಲಿಂಪಿಕ್ ಚಿನ್ನ ಗೆದ್ದರು. ವಾಲಿಬಾಲ್‌ನಲ್ಲಿ ಎರಡೂ ಬಗೆಯಲ್ಲಿ ಗೆದ್ದ ಮೊದಲಿಗರು ಅವರೇ. ಅಮೆರಿಕದ ಕಾರ್ಚ್ ಕಿರಾಯ್ ಒಳಾಂಗಣದಲ್ಲಿ ಎರಡು, ಬೀಚ್ ವಾಲಿಬಾಲ್‌ನಲ್ಲಿ ಒಂದು ಚಿನ್ನ ಗೆದ್ದವರು. ಟೋಕಿಯೊದಲ್ಲಿ ಅಮೆರಿಕದ ಮಹಿಳೆಯರಿಗೆ ಮೊದಲ ಒಲಿಂಪಿಕ್ ಚಿನ್ನ ದಕ್ಕಿದ್ದು ಕಿರಾಯ್ ಕೋಚ್ ಆಗಿದ್ದಾಗ.

ಆದರೆ 1984ರ ಲಾಸ್ ಏಂಜಲೀಸ್‌ನ ಪುರುಷರ ಫೈನಲನ್ನೇ ಇನ್ನಷ್ಟು ಹತ್ತಿರದಿಂದ ನೋಡಿ. ಅಂಕಣದೊಳಗೆ ಕಿರಾಯ್ ಮಿಂಚುತ್ತಿದ್ದರು. ಸೋತ ಬ್ರೆಜಿಲ್‌ನ ಬೆಂಚಿನಲ್ಲಿ ಒಬ್ಬ ಮೀಸಲು ಸೆಟ್ಟರ್ ಕೂತಿದ್ದ. ಅವನೇ ಬರ್ನಾರ್ಡಿನ್ಯೊ. ಮುಂದೆ ಕೋಚ್ ಆಗಿ ಬ್ರೆಜಿಲ್ ಪುರುಷರಿಗೆ 2004 ಮತ್ತು 2016ರ ಒಲಿಂಪಿಕ್ ಚಿನ್ನವನ್ನೂ ಸಾಲಾಗಿ ಮೂರು ವಿಶ್ವ ಚಾಂಪಿಯನ್‌ಷಿಪ್‌ಗಳನ್ನೂ ತಂದುಕೊಟ್ಟವರು ಅವರು. ಆ ಫೈನಲ್ ಗೆದ್ದ ಅಮೆರಿಕದ ಕೋಚ್ ಡಗ್ ಬೀಲ್ ಕೂಡ ಸೆಟ್ಟರ್ ಆಗಿದ್ದವರೇ. ಬ್ರೆಜಿಲ್‌ನ ಇನ್ನೊಬ್ಬ ಮಹಾ ಕೋಚ್ ಜೋಸೆ ರೊಬರ್ಟೊ ಗಿಮರೈಸ್ ಕೂಡ 1976ರ ಒಲಿಂಪಿಕ್ಸ್‌ನಲ್ಲಿ ಆಡಿದ ಸೆಟ್ಟರ್. ಇದು ಕಾಕತಾಳೀಯವಲ್ಲ ಎಂದೇ ನನ್ನ ಎಣಿಕೆ. ಚೆಂಡು ಪ್ರತಿ ಸಲವೂ ಸೆಟ್ಟರ್ ಕೈಗೆ ಬರುತ್ತದೆ. ಯಾರಿಗೆ ಯಾವಾಗ ಕೊಡಬೇಕು, ಎದುರಿನ ಬ್ಲಾಕ್ ಎಲ್ಲಿ ಸಡಿಲವಾಗಿದೆ, ನಮ್ಮವನ ಮನಸ್ಸು ಎಲ್ಲಿ ಕುಗ್ಗಿದೆ ಎಂದು ಆತ ಸದಾ ಲೆಕ್ಕ ಹಾಕುತ್ತಿರಬೇಕು. ಕೋಚ್‌ನ ಕೆಲಸವೂ ಅದೇ ತಾನೆ?

ಇನ್ನು ಅರ್ಜೆಂಟೀನಾದ ಹೂಲಿಯೊ ವೆಲಾಸ್ಕೊ, ಲಾ ಪ್ಲಾಟಾದಲ್ಲಿ ತತ್ತ್ವಶಾಸ್ತ್ರ ಓದುತ್ತಿದ್ದ ತರುಣ. ಆಟಗಾರನಾಗಿ ಅವರು ದೊಡ್ಡ ಹೆಸರೇನೂ ಅಲ್ಲ. ಆಡಿದ ಅನುಭವ ಬೇಕು, ನಿಜ. ಪದಕದ ಪೆಟ್ಟಿಗೆಯೇ ಬೇಕೆಂದಿಲ್ಲ. ಕಿರಾಯ್ ಕೂಡ ಮೂರು ಚಿನ್ನ ಕೊರಳಲ್ಲಿದ್ದರೂ ನೇರವಾಗಿ ಮುಖ್ಯ ಕೋಚ್ ಕುರ್ಚಿಗೆ ಹೋಗಲಿಲ್ಲ. 2012ರ ಲಂಡನ್ ಒಲಿಂಪಿಕ್ಸ್ ಮುಗಿಯುವವರೆಗೆ ನ್ಯೂಜಿಲೆಂಡ್ ಮೂಲದ ಹ್ಯೂ ಮೆಕ್‌ಕಚನ್ ಅವರ ಸಹಾಯಕರಾಗಿ ದುಡಿದರು.

“ಬೈದು ಬಡಿದರೇ ಚಿನ್ನ ಬರುವುದು”

ಈ ನಂಬಿಕೆಯ ಬೇರು ಜಪಾನಿನಲ್ಲಿದೆ. ಒಸಾಕಾ ಬಳಿಯ ಕೈಝುಕಾದ ನಿಚಿಬೋ ಜವಳಿ ಕಾರ್ಖಾನೆಯ ಹೆಣ್ಣುಮಕ್ಕಳಿಗೆ ಕೋಚ್ ಆಗಿದ್ದ ಹಿರೊಬುಮಿ ದೈಮಾತ್ಸು ಅವರಿಗೆ ಜನ ಇಟ್ಟ ಹೆಸರು ರಾಕ್ಷಸ. ಹಗಲು ಕಾರ್ಖಾನೆಯ ಕೆಲಸ, ಸಂಜೆಯಿಂದ ನಡುರಾತ್ರಿಯವರೆಗೆ ಅಭ್ಯಾಸ. ಈ ಹುಡುಗಿಯರು 1962ರಲ್ಲಿ ಮಾಸ್ಕೋದಲ್ಲೇ ಸೋವಿಯತ್ ತಂಡವನ್ನು ಮಣಿಸಿ ವಿಶ್ವ ಚಾಂಪಿಯನ್ ಆದರು. 1964ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನ ಕೊನೆಯ ಪಂದ್ಯದಲ್ಲಿ ಅದೇ ತಂಡವನ್ನು ನೇರ ಸೆಟ್‌ಗಳಲ್ಲಿ ಸೋಲಿಸಿದರು. ಕತೆ ಕೇಳಿದವರೆಲ್ಲ ಕಟ್ಟಿಕೊಂಡು ಹೋದ ಪಾಠ ಒಂದೇ: ಕ್ರೌರ್ಯ ಫಲ ಕೊಡುತ್ತದೆ.

ದೈಮಾತ್ಸು ಕಠೋರರಾಗಿದ್ದರು, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಗೆಲ್ಲಿಸಿದ್ದು ಅವರು ಬಿಡಿಸಿದ ಒಂದು ಸಮಸ್ಯೆ. ಎದುರಾಳಿಗಳು ಎತ್ತರ, ನೆಟ್ ಮೇಲೆ ಅವರನ್ನು ತಡೆಯುವುದು ಕಷ್ಟ. ಹಾಗಿದ್ದರೆ ಚೆಂಡು ನೆಲ ಮುಟ್ಟದಂತೆ ನೋಡಿಕೊಳ್ಳಬೇಕು. ದೂರದ ಚೆಂಡಿಗೆ ಹಾರಿ, ಎತ್ತಿ, ಹೆಗಲ ಮೇಲೆ ಉರುಳಿ, ಅದೇ ವೇಗದಲ್ಲಿ ಎದ್ದು ಮುಂದಿನ ಚೆಂಡಿಗೆ ಸಿದ್ಧವಾಗುವ ವಿಧಾನವನ್ನು ಅವರು ತಮ್ಮ ಆಟಗಾರ್ತಿಯರಿಗೆ ಕರಗತ ಮಾಡಿಸಿದರು. ಬಿದ್ದವಳು ಬಿದ್ದಲ್ಲೇ ಉಳಿಯದಿದ್ದರೆ ಆರು ಜನ ಅಂಕಣವನ್ನೆಲ್ಲ ಕಾಯಬಹುದು. ಬೈಗುಳವನ್ನು ಯಾರು ಬೇಕಾದರೂ ನಕಲು ಮಾಡಬಹುದು, ಅದಕ್ಕೆ ಯೋಚನೆ ಬೇಡ. ಈ ಉರುಳುವಿಕೆಯನ್ನು ಕಂಡುಕೊಂಡು ಕಲಿಸುವುದಕ್ಕೆ ಆಟವನ್ನು ಅರೆದು ಕುಡಿದಿರಬೇಕು.

ಕೂಗಾಟಕ್ಕೆ ಇನ್ನೊಂದು ಹೆಸರು ರಷ್ಯಾದ ನಿಕೊಲಾಯ್ ಕಾರ್ಪೊಲ್. ಟೈಮ್‌ಔಟ್‌ನಲ್ಲಿ ಅವರು ಆಟಗಾರ್ತಿಯರ ಮೇಲೆ ಹರಿಹಾಯುತ್ತಿದ್ದ ದೃಶ್ಯ ಟಿವಿಯಲ್ಲಿ ಜಗತ್ತಿಗೇ ಪರಿಚಿತ. 1980 ಮತ್ತು 1988ರ ಚಿನ್ನ ಅವರದು. 2000ದ ಫೈನಲ್‌ನಲ್ಲಿ ಕ್ಯೂಬಾ ಎದುರು, 2004ರ ಫೈನಲ್‌ನಲ್ಲಿ ಚೀನಾ ಎದುರು ಅವರ ತಂಡ ಎರಡು ಸೆಟ್ ಮುಂದಿದ್ದು, ಎರಡು ಸಲವೂ 2–3ರಿಂದ ಸೋತಿತು. ಕೂಗಿದ್ದಕ್ಕೇ ಸೋತರು ಎನ್ನುವುದು ನ್ಯಾಯವಲ್ಲ. ಕೂಗಿದ್ದಕ್ಕೇ ಗೆದ್ದರು ಎನ್ನುವುದೂ ಅಷ್ಟೇ ಅನ್ಯಾಯ.

“ಸೋಲಿಗೆ ಯಾರೋ ಒಬ್ಬ ಕಾರಣ, ಅವನನ್ನು ಹಿಡಿದರೆ ಸಾಕು”

ವೆಲಾಸ್ಕೊ ತಮ್ಮ ಇಡೀ ವೃತ್ತಿಜೀವನದಲ್ಲಿ ಹೋರಾಡಿದ್ದು ಈ ನಂಬಿಕೆಯ ಜೊತೆ. ನೆಪದ ಸಂಸ್ಕೃತಿ ಎಂದು ಅವರು ಕರೆದದ್ದು ಹೀಗೆ ನಡೆಯುತ್ತದೆ: ಸ್ಪೈಕ್ ಹೊರಗೆ ಹೋದರೆ ಸ್ಪೈಕರ್ ತಿರುಗಿ ಸೆಟ್ಟರ್‌ನನ್ನು ದಿಟ್ಟಿಸುತ್ತಾನೆ. ಸೆಟ್ಟರ್ ತಿರುಗಿ, ಸರ್ವಿಸ್ ಎತ್ತಿದವನು ಪಾಸ್ ಸರಿ ಕೊಡಲಿಲ್ಲ ಎನ್ನುತ್ತಾನೆ. ಅವನ ಹಿಂದೆ ದೂರಲು ಯಾರೂ ಇಲ್ಲ. ಅವನು ದೀಪದ ಕಡೆ ಕೈ ತೋರಿಸುತ್ತಾನೆ, ಕಣ್ಣಿಗೆ ಬೆಳಕು ಬಿತ್ತು ಎಂದು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ನಮ್ಮ ಗಾದೆಗೆ ಇದಕ್ಕಿಂತ ಚೊಕ್ಕ ಉದಾಹರಣೆ ಸಿಗಲಾರದು.

ಇದಕ್ಕೆ ವೆಲಾಸ್ಕೊ ಹುಡುಕಿದ ಮದ್ದು ಉಪದೇಶವಾಗಿರಲಿಲ್ಲ. ಪ್ರತಿಯೊಬ್ಬನ ಕೆಲಸದ ಅರ್ಥವನ್ನೇ ಅವರು ಬದಲಿಸಿದರು. ಒಳ್ಳೆಯ ಸೆಟ್ ಸಿಕ್ಕಾಗ ಹೊಡೆಯುವುದಷ್ಟೇ ಸ್ಪೈಕರ್‌ನ ಕೆಲಸವಲ್ಲ. ಕೆಟ್ಟ ಸೆಟ್ಟನ್ನು ಬಿಡಿಸುವುದೇ ಅವನ ಕೆಲಸ. ನೆಟ್‌ನಿಂದ ದೂರ ಬಂದರೆ ಏನು ಮಾಡಬೇಕು, ಕೆಳಗೆ ಬಂದರೆ ಬ್ಲಾಕ್‌ನ ಬೆರಳಿಗೆ ತಾಗಿಸಿ ಹೊರಗೆ ಕಳಿಸುವುದು ಹೇಗೆ, ಇದನ್ನೇ ಅಭ್ಯಾಸ ಮಾಡಬೇಕು. ಅಂಥ ಸೆಟ್ ಬರುತ್ತದೆಂದು ಮೊದಲೇ ಒಪ್ಪಿಕೊಂಡವನಿಗೆ ದೂರುವುದಕ್ಕೆ ಉಳಿಯುವುದೇನು?

1989ರಲ್ಲಿ ಇಟಲಿ ಪುರುಷರ ಹೊಣೆ ಹೊತ್ತ ವೆಲಾಸ್ಕೊ ಅದೇ ವರ್ಷ ಯುರೋಪ್ ಚಾಂಪಿಯನ್‌ಷಿಪ್, 1990 ಮತ್ತು 1994ರಲ್ಲಿ ವಿಶ್ವ ಚಾಂಪಿಯನ್‌ಷಿಪ್ ಗೆದ್ದರು. ಒಲಿಂಪಿಕ್ ಚಿನ್ನ ಮಾತ್ರ ಕೈಗೆಟುಕಲಿಲ್ಲ. 1996ರ ಫೈನಲ್‌ನ ಐದನೇ ಸೆಟ್ಟನ್ನು ನೆದರ್ಲೆಂಡ್ಸ್ 17–15ರಿಂದ ಕಸಿದುಕೊಂಡಿತು. ಆ ಮೇಲೆ ಇರಾನಿಗೆ ಹೋಗಿ 2011 ಮತ್ತು 2013ರಲ್ಲಿ ಆ ದೇಶವನ್ನು ಏಷ್ಯಾ ಚಾಂಪಿಯನ್ ಮಾಡಿದರು. 2011ರದು ಇರಾನಿನ ಮೊದಲ ಏಷ್ಯನ್ ಕಿರೀಟ. ಕೊನೆಗೆ 72ನೇ ವಯಸ್ಸಿನಲ್ಲಿ ಇಟಲಿಯ ಮಹಿಳಾ ತಂಡದೊಂದಿಗೆ ಪ್ಯಾರಿಸ್ ಒಲಿಂಪಿಕ್ಸ್‌ಗೆ ಹೋದರು. ಇಡೀ ಕೂಟದಲ್ಲಿ ಆ ತಂಡ ಕಳೆದುಕೊಂಡದ್ದು ಒಂದೇ ಸೆಟ್. ವಾಲಿಬಾಲ್‌ನಲ್ಲಿ ಇಟಲಿಗೆ ಅದು ಮೊದಲ ಒಲಿಂಪಿಕ್ ಚಿನ್ನ. ಅಲ್ಲಿ ಅವರ ಸಹಾಯಕರಾಗಿದ್ದವರು ಹಿಂದೆ ಅದೇ ತಂಡಕ್ಕೆ ಮುಖ್ಯ ಕೋಚ್ ಆಗಿದ್ದ ಮಾಸಿಮೊ ಬಾರ್ಬೊಲಿನಿ ಮತ್ತು ತಮ್ಮದೇ ಹಳೆಯ ತಂಡದ ಮಹಾನ್ ಆಟಗಾರ ಲೊರೆಂಜೊ ಬೆರ್ನಾರ್ಡಿ. ತನಗಿಂತ ಕಡಿಮೆ ಬಲ್ಲವರನ್ನು ಸುತ್ತ ಇಟ್ಟುಕೊಂಡು ದೊಡ್ಡವನಾಗುವ ಆಸೆ ಈ ಮನುಷ್ಯನಿಗಿರಲಿಲ್ಲ. ನನಗೆ ಅವರಲ್ಲಿ ಬಹಳ ಇಷ್ಟವಾಗುವ ಗುಣ ಇದು.

“ಟೈಮ್‌ಔಟ್‌ನಲ್ಲಿ ಮ್ಯಾಚ್ ತಿರುಗಿಸುವವನೇ ಕೋಚ್”

2012ರ ಲಂಡನ್ ಫೈನಲ್ ಇದಕ್ಕೆ ಎಲ್ಲರೂ ಕೊಡುವ ಸಾಕ್ಷಿ. ಬ್ರೆಜಿಲ್ ಎದುರು ರಷ್ಯಾ ಎರಡು ಸೆಟ್ ಹಿಂದಿತ್ತು. ಕೋಚ್ ವ್ಲಾದಿಮಿರ್ ಅಲೆಕ್ನೊ 2.18 ಮೀಟರ್ ಎತ್ತರದ ಮಿಡಲ್ ಬ್ಲಾಕರ್ ದ್ಮಿತ್ರಿ ಮುಸೆರ್ಸ್ಕಿಯನ್ನು ಮೂಲೆಯಿಂದ ಹೊಡೆಯುವ ಆಪೊಸಿಟ್ ಸ್ಥಾನಕ್ಕೆ, ಅಲ್ಲಿದ್ದ ಮಿಖೈಲೊವ್ ಅವರನ್ನು ಇನ್ನೊಂದು ಬದಿಗೆ ಸರಿಸಿದರು. ಎರಡು ಮ್ಯಾಚ್ ಪಾಯಿಂಟ್ ಉಳಿಸಿಕೊಂಡು ರಷ್ಯಾ 3–2ರಿಂದ ಗೆದ್ದಿತು. ಮುಸೆರ್ಸ್ಕಿ 31 ಅಂಕ ಗಳಿಸಿದರು. ಚಮತ್ಕಾರ ಎನಿಸುತ್ತದೆ. ಆದರೆ ಒಬ್ಬ ಜಾಗ ಬದಲಿಸಿದರೆ ಆರೂ ಜನರ ರೊಟೇಷನ್, ಬ್ಲಾಕ್, ಕವರ್ ಎಲ್ಲ ಬದಲಾಗುತ್ತದೆ. ಅದನ್ನು ಟೈಮ್‌ಔಟ್‌ನ ಮೂವತ್ತು ಸೆಕೆಂಡಿನಲ್ಲಿ ಕಲಿಸಲು ಯಾರಿಂದಲೂ ಆಗದು. ಮೊದಲೇ ಕಲಿತಿದ್ದರೆ ಮಾತ್ರ ಆ ಮೂವತ್ತು ಸೆಕೆಂಡಿನಲ್ಲಿ ನೆನಪಿಸಬಹುದು.

“ಸೋತ ಕೋಚನ್ನು ಕಳಿಸಿ, ಹೊಸಬನನ್ನು ತನ್ನಿ”

2004ರ ಅಥೆನ್ಸ್ ಸೆಮಿಫೈನಲ್‌ನಲ್ಲಿ ಗಿಮರೈಸ್ ಅವರ ಬ್ರೆಜಿಲ್ ಮಹಿಳೆಯರು ರಷ್ಯಾ ಎದುರು ನಾಲ್ಕನೇ ಸೆಟ್‌ನಲ್ಲಿ 24–19ರಿಂದ ಮುಂದಿದ್ದರು. ಫೈನಲ್‌ಗೆ ಒಂದೇ ಅಂಕ. ಆ ಅಂಕ ಬರಲೇ ಇಲ್ಲ. ಪಂದ್ಯವೂ ಹೋಯಿತು, ಆಮೇಲೆ ಕಂಚೂ ಹೋಯಿತು. ಅಂಥ ಸೋಲಿನ ನಂತರವೂ ಅವರೇ ಮುಂದುವರಿದರು. 2008ರಲ್ಲಿ ಬೀಜಿಂಗ್‌ನಲ್ಲಿ ಒಂದೇ ಒಂದು ಸೆಟ್ ಬಿಟ್ಟುಕೊಟ್ಟು ಚಿನ್ನ. 2012ರಲ್ಲಿ ಗುಂಪು ಹಂತದಲ್ಲೇ ಹೊರಬೀಳುವ ಅಂಚಿಗೆ ಬಂದ ತಂಡ, ಕ್ವಾರ್ಟರ್‌ಫೈನಲ್‌ನಲ್ಲಿ ಅದೇ ರಷ್ಯಾ ಎದುರು ಆರು ಮ್ಯಾಚ್ ಪಾಯಿಂಟ್ ಉಳಿಸಿಕೊಂಡು ಮತ್ತೆ ಚಿನ್ನಕ್ಕೇರಿತು. 1992ರಲ್ಲಿ ಪುರುಷರ ತಂಡಕ್ಕೂ ಚಿನ್ನ ತಂದಿದ್ದ ಗಿಮರೈಸ್, ಪುರುಷರು ಮಹಿಳೆಯರು ಎರಡೂ ವಿಭಾಗದಲ್ಲಿ ಒಲಿಂಪಿಕ್ ಚಿನ್ನ ಗೆದ್ದ ಏಕೈಕ ಕೋಚ್. ಅಥೆನ್ಸ್‌ನ ರಾತ್ರಿಯೇ ಅವರನ್ನು ಕಳಿಸಿದ್ದರೆ ಬ್ರೆಜಿಲ್ ಕಳೆದುಕೊಳ್ಳುತ್ತಿದ್ದದ್ದು ಇಷ್ಟೆಲ್ಲ.

ಉಳಿದಿರುವ ಇನ್ನೊಂದು ನಂಬಿಕೆ, ನಮ್ಮ ಮೈದಾನಗಳಿಗೆ ತೀರ ಹತ್ತಿರದ್ದು: ಒಂದೇ ಚಲನೆಯನ್ನು ಸಾವಿರ ಸಲ ಮಾಡಿಸಿದರೆ ಆಟ ಬರುತ್ತದೆ ಎಂಬುದು. ಗೋಡೆಗೆ ಹೊಡೆದು, ಕೋಚ್ ಕೈಯಿಂದ ಎಸೆದ ಚೆಂಡನ್ನೇ ಎತ್ತಿ ಎತ್ತಿ ಗಂಟೆ ಕಳೆಯುತ್ತದೆ. ಮೆಕ್‌ಕಚನ್ ಅಮೆರಿಕದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದಲ್ಲಿ ಆಡುವಾಗ ಅವರ ಕೋಚ್ ಆಗಿದ್ದವರು ಕಾರ್ಲ್ ಮೆಕ್‌ಗೌನ್, ದೇಹ ಚಲನೆಯನ್ನು ಹೇಗೆ ಕಲಿಯುತ್ತದೆ ಎಂಬುದರ ಅಧ್ಯಾಪಕ. ಅವರ ವಾದ ಸರಳವಾಗಿತ್ತು: ಕಲಿಕೆ ಆಟದ ಸ್ಥಿತಿಯಲ್ಲೇ ಆಗಬೇಕು. ಸರ್ವಿಸ್ ಎತ್ತಲು ಕಲಿಯಬೇಕಾದರೆ ನೆಟ್‌ನ ಆಚೆಯಿಂದ ನಿಜವಾದ ಸರ್ವಿಸ್ ಬರಬೇಕು. ಸರ್ವ್ ಮಾಡುವವನ ಹೆಗಲು, ಕೈ, ಚೆಂಡಿನ ತಿರುಗುವಿಕೆ ಓದುವುದೇ ಅರ್ಧ ಕೌಶಲ. ಎಸೆದ ಚೆಂಡಿನಲ್ಲಿ ಓದಲು ಏನೂ ಇರುವುದಿಲ್ಲ. ಮೆಕ್‌ಕಚನ್ 2008ರಲ್ಲಿ ಅಮೆರಿಕ ಪುರುಷರಿಗೆ ಚಿನ್ನ ತಂದುಕೊಟ್ಟರು. ಆ ತಂಡದ ಮಿಡಲ್ ಬ್ಲಾಕರ್ ಡೇವಿಡ್ ಲೀ ಮುಂದೆ ಪ್ರೈಮ್ ವಾಲಿಬಾಲ್ ಲೀಗ್‌ನಲ್ಲಿ ಬೆಂಗಳೂರು ಟಾರ್ಪೆಡೋಸ್ ತಂಡದ ಕೋಚ್ ಆದರು. ಆಟದ ಸ್ಥಿತಿಯಲ್ಲೇ ಕಲಿಯಬೇಕೆಂಬ ಈ ಪಾಠಕ್ಕೆ ದೊಡ್ಡ ಕ್ರೀಡಾಂಗಣವೂ ಬೇಡ, ವಿದೇಶಿ ಯಂತ್ರವೂ ಬೇಡ. ಒಂದು ನೆಟ್, ಆಚೆ ಕಡೆ ಸರ್ವ್ ಮಾಡುವವರು ಮೂವರು, ಈಚೆ ಎತ್ತುವವರು ಮೂವರು ಇದ್ದರೆ ಯಾವ ಊರಿನ ಮೈದಾನದಲ್ಲೂ ನಾಳೆಯೇ ಶುರು ಮಾಡಬಹುದು.