ಅಜ್ಜಿಯ ಪರವಾಗಿ ಕೇಳುವವರು

1985ರಲ್ಲಿ ಅಮೆರಿಕದ ಒಂದು ನಾಗರಿಕ ಸಂಘಟನೆ 15 ನಗರಗಳಲ್ಲಿ, ನರ್ಸಿಂಗ್ ಹೋಮ್‌ಗಳಲ್ಲೇ ವರ್ಷಗಟ್ಟಲೆ ಬದುಕುತ್ತಿದ್ದ 400ಕ್ಕೂ ಹೆಚ್ಚು ವೃದ್ಧರನ್ನು ಕೂರಿಸಿಕೊಂಡು ಕೇಳಿತು: ಒಳ್ಳೆಯ ಆರೈಕೆ ಎಂದರೆ ನಿಮ್ಮ ಮಟ್ಟಿಗೆ ಏನು? ಎಲ್ಲಕ್ಕಿಂತ ಮೊದಲು ಬಂದದ್ದು ಸಿಬ್ಬಂದಿಯ ಮಾತು. ತಮ್ಮನ್ನು ಎಬ್ಬಿಸುವ, ತೊಳೆಯುವ, ಉಣಿಸುವ ಕೈಗಳು ಹೇಗಿರುತ್ತವೆ ಎಂಬುದೇ ಅವರಿಗೆ ದೊಡ್ಡದಾಗಿತ್ತು. ಎಲ್ಮಾ ಹೋಲ್ಡರ್ 1975ರಲ್ಲಿ ಕಟ್ಟಿದ ಆ ಸಂಘಟನೆ ಪಟ್ಟುಬಿಡಲಿಲ್ಲ. 1987ರ ಡಿಸೆಂಬರಿನಲ್ಲಿ ಅಧ್ಯಕ್ಷ ರೇಗನ್ ಅಂಕಿತ ಹಾಕಿದ ನರ್ಸಿಂಗ್ ಹೋಮ್ ಸುಧಾರಣಾ ಕಾಯ್ದೆಯ ಹಿಂದೆ ಆ ವೃದ್ಧರ ದನಿಯೂ ಇದೆ.

ಅದಕ್ಕೂ ಮೊದಲು ವೃದ್ಧರನ್ನು ಕುರ್ಚಿಗೋ ಮಂಚಕ್ಕೋ ಪಟ್ಟಿಯಿಂದ ಕಟ್ಟಿಹಾಕುವುದು ಮಾಮೂಲಾಗಿತ್ತು. ಬೀಳದಿರಲಿ ಎಂದು ಕಟ್ಟುತ್ತೇವೆ ಎಂಬುದು ಸಮಜಾಯಿಷಿ. ಸಿಬ್ಬಂದಿಯ ಅನುಕೂಲಕ್ಕಾಗಿ ಅಥವಾ ಶಿಸ್ತಿನ ಹೆಸರಿನಲ್ಲಿ ಯಾರನ್ನೂ ಕಟ್ಟುವಂತಿಲ್ಲ, ಮದ್ದು ಕೊಟ್ಟು ಮಂಕು ಕವಿಸುವಂತೆಯೂ ಇಲ್ಲ ಎಂದು ಕಾಯ್ದೆ ಹೇಳಿತು. ಎರಡನೆಯದು ಇಂದಿಗೂ ಕಣ್ಣಿಡಬೇಕಾದ ವಿಷಯ. ಮರೆಗುಳಿತನವಿರುವ ವೃದ್ಧರಿಗೆ ಮನೋವಿಕಾರದ ಕೆಲವು ಔಷಧಿಗಳನ್ನು ಕೊಟ್ಟರೆ ಸಾವಿನ ಅಪಾಯ ಹೆಚ್ಚುತ್ತದೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಎಚ್ಚರಿಸಿದೆ. ನಿನ್ನೆವರೆಗೆ ಮಾತಾಡುತ್ತಿದ್ದ ಅಜ್ಜಿ ಇವತ್ತು ತೂಕಡಿಸುತ್ತಿದ್ದರೆ ಯಾವ ಹೊಸ ಮಾತ್ರೆ, ಯಾವತ್ತಿನಿಂದ, ಯಾತಕ್ಕೆ ಎಂದು ಕೇಳಲೇಬೇಕು.

ಕೇಳುವುದಕ್ಕೆ ಸರಿಯಾದ ಜಾಗವೆಂದರೆ ಆರೈಕೆ ಯೋಜನೆಯ ಸಭೆ. ವೃದ್ಧರು ನರ್ಸಿಂಗ್ ಹೋಮ್ ಸೇರಿದ 48 ಗಂಟೆಯೊಳಗೆ ಒಂದು ಆರಂಭದ ಯೋಜನೆ ತಯಾರಾಗಬೇಕು. 14 ದಿನದೊಳಗೆ ಪೂರ್ಣ ತಪಾಸಣೆ, ಅದು ಮುಗಿದ 7 ದಿನದೊಳಗೆ ವಿವರವಾದ ಯೋಜನೆ, ಆಮೇಲೆ ಮೂರು ತಿಂಗಳಿಗೊಮ್ಮೆ ಮರುಪರಿಶೀಲನೆ. ಸಭೆಯಲ್ಲಿ ಕೂರುವ ಹಕ್ಕು ಅಲ್ಲಿ ವಾಸಿಸುವವರದು. ಅವರು ಬಯಸಿದರೆ ಮನೆಯವರದೂ ಹೌದು. ಕಾರಿಡಾರಿನಲ್ಲಿ ನರ್ಸನ್ನು ನಿಲ್ಲಿಸಿ ಹೇಳಿದ ಮಾತು ಪಾಳಿ ಬದಲಾದೊಡನೆ ಕಳೆದುಹೋಗುತ್ತದೆ. ಯೋಜನೆಯಲ್ಲಿ ಬರೆಸಿದ್ದು ಮುಂದಿನ ಪಾಳಿಯವರ ಕೈಗೂ ತಲುಪುತ್ತದೆ.

ನ್ಯೂಜೆರ್ಸಿಯಲ್ಲಿ ಮಗನ ಮನೆ ಸೇರಿದ್ದ ಮಂಡ್ಯದ ಅಜ್ಜಿಯೊಬ್ಬರು ಮರೆಗುಳಿತನದಿಂದ ಇಂಥ ನರ್ಸಿಂಗ್ ಹೋಮ್‌ಗೆ ಬಂದಿದ್ದಾರೆ ಎಂದಿಟ್ಟುಕೊಳ್ಳೋಣ. ಈ ಕಾಯಿಲೆಯಲ್ಲಿ ಆಮೇಲೆ ಕಲಿತ ಭಾಷೆ ಮೊದಲು ಜಾರುವುದುಂಟು. ಅಲ್ಪಸ್ವಲ್ಪ ಇಂಗ್ಲಿಷೂ ಹೋಗಿ ಕನ್ನಡವೊಂದೇ ಉಳಿದಾಗ ‘ನೋಯ್ತಿದೆ ಕಣಪ್ಪ’ ಎಂದರೆ ಅಲ್ಲಿ ಯಾರಿಗೆ ತಿಳಿದೀತು? ತನ್ನ ಆರೋಗ್ಯದ ಸ್ಥಿತಿಯನ್ನು ತನಗರ್ಥವಾಗುವ ಭಾಷೆಯಲ್ಲಿ ತಿಳಿಯುವುದು ಅವರ ಹಕ್ಕು. ಧರ್ಮ, ಸಂಸ್ಕೃತಿಗೆ ತಕ್ಕ ಊಟವನ್ನೂ ಆ ಸಂಸ್ಥೆ ಗಮನದಲ್ಲಿಡಬೇಕು. ಸಸ್ಯಾಹಾರಿ ಎಂದಷ್ಟೇ ಬರೆಸಿದರೆ ಸಾಲದು, ಮೊಟ್ಟೆಯೂ ಬೇಡ ಎಂದು ಬರೆಸಬೇಕು. ನೀರು, ನೋವು, ಚಳಿ, ಬಚ್ಚಲು ಎಂಬ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಅರ್ಥಸಮೇತ ಬರೆದು ಹಾಸಿಗೆಯ ಬಳಿ ಅಂಟಿಸುವುದು ಖರ್ಚಿಲ್ಲದ ಕೆಲಸ, ಉಪಕಾರ ಮಾತ್ರ ದೊಡ್ಡದು.

ಭೇಟಿಗೆ ಹೋದವರು ಹೊದಿಕೆ ಸರಿಸಿ ಹಿಮ್ಮಡಿಯನ್ನೂ ನೋಡಬೇಕು. ಮಲಗಿದಲ್ಲೇ ಇರುವವರಿಗೆ ಹಿಮ್ಮಡಿ, ಸೊಂಟದ ಕೆಳಮೂಳೆಯ ಮೇಲೆ ಒತ್ತಡದ ಹುಣ್ಣು ಶುರುವಾಗುತ್ತದೆ. ಕೆಂಪಾದ ಕಡೆ ಬೆರಳಿಂದ ಒತ್ತಿದಾಗಲೂ ಬಿಳಿಚಿಕೊಳ್ಳದಿದ್ದರೆ ಅದು ಮೊದಲ ಹಂತ. ನಮ್ಮಂಥ ಕಪ್ಪು, ಗೋಧಿ ಬಣ್ಣದ ಚರ್ಮದಲ್ಲಿ ಕೆಂಪು ಸುಲಭಕ್ಕೆ ಕಾಣದು. ಸುತ್ತಲಿನ ಚರ್ಮಕ್ಕಿಂತ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ, ಮುಟ್ಟಿದರೆ ನೋಯುತ್ತದೆಯೇ ಎಂದು ಕೈಯಿಂದಲೇ ತಿಳಿಯಬೇಕು. ತೂಕವೂ ಹಾಗೆಯೇ. ಒಂದು ತಿಂಗಳಲ್ಲಿ ಶೇ. 5ರಷ್ಟು, ಅಂದರೆ 50 ಕಿಲೋದವರು ಎರಡೂವರೆ ಕಿಲೋ ಇಳಿದಿದ್ದರೆ ಗಂಭೀರವಾಗಿ ತೆಗೆದುಕೊಳ್ಳಬೇಕು. ಕಂಡದ್ದನ್ನು ದಿನಾಂಕ, ಹೊತ್ತು, ಅಲ್ಲಿದ್ದವರ ಹೆಸರಿನ ಸಮೇತ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಟ್ಟರೆ ಸಭೆಯಲ್ಲಿ ದನಿ ಏರಿಸುವ ಪ್ರಮೇಯವೇ ಬರುವುದಿಲ್ಲ.

ದೂರಿದರೆ ಒಳಗಿರುವವರ ಮೇಲೆ ಸೇಡು ತೀರಿಸಿಕೊಂಡಾರು ಎಂಬ ಭಯ ಅನೇಕರ ಬಾಯಿ ಕಟ್ಟುತ್ತದೆ. ಆ ಭಯ ಸುಳ್ಳಲ್ಲ. ಆದರೆ ಹಾಗೆ ಸೇಡು ತೀರಿಸಿಕೊಳ್ಳುವುದು ಕಾನೂನುಬಾಹಿರ. ಒಬ್ಬರೇ ಹೇಳಲು ಅಂಜುವವರು ಕುಟುಂಬಗಳ ಮಂಡಳಿ ಕಟ್ಟಿಕೊಳ್ಳಬಹುದು. ಅದಕ್ಕೆ ಕೂರಲು ಜಾಗ ಕೊಟ್ಟು, ಅದರ ದೂರನ್ನು ಪರಿಗಣಿಸುವುದು ಸಂಸ್ಥೆಯ ಹೊಣೆ. ಅದೂ ಸಾಲದಾದಾಗ ಅಲ್ಲಿ ವಾಸಿಸುವವರ ದೂರು ಕೇಳಿ ಅವರ ಪರ ನಿಲ್ಲುವ ಓಂಬುಡ್ಸ್‌ಮನ್ ಇದ್ದಾರೆ. 1972ರಲ್ಲಿ ಪ್ರಯೋಗವಾಗಿ ಆರಂಭವಾದ ಈ ವ್ಯವಸ್ಥೆ 1978ರ ತಿದ್ದುಪಡಿಯಿಂದ ಎಲ್ಲ ರಾಜ್ಯಗಳಿಗೂ ಕಡ್ಡಾಯವಾಯಿತು. ಶುಲ್ಕವಿಲ್ಲ, ಗುಟ್ಟು ಕಾಯುತ್ತಾರೆ, ವೃದ್ಧರ ಒಪ್ಪಿಗೆ ಕೇಳಿಯೇ ಮುಂದುವರಿಯುತ್ತಾರೆ.

2020ರ ಮಾರ್ಚಿನಲ್ಲಿ ಕೋವಿಡ್ ಬಂದು ಈ ಮನೆಗಳ ಬಾಗಿಲು ಮುಚ್ಚಿದಾಗ ಮನೆಯವರು ಕಿಟಕಿಯಾಚೆ ಉಳಿದರು. ಸೋಂಕಿನಿಂದ ಕಾಪಾಡಲು ತಂದ ನಿಯಮವೇ ಎಷ್ಟೋ ವೃದ್ಧರನ್ನು ಒಂಟಿತನಕ್ಕೆ ದೂಡಿತು. ಉಣಿಸುತ್ತಿದ್ದ, ತಲೆ ಬಾಚುತ್ತಿದ್ದ ಮಗಳೂ ಕೇವಲ ಸಂದರ್ಶಕಿಯೆಂದು ಹೊರಗುಳಿದಳು. ಹಲವು ರಾಜ್ಯಗಳ ಕುಟುಂಬಗಳು ಇದನ್ನು ಶಾಸನಸಭೆಯವರೆಗೆ ಒಯ್ದವು. 2021ರ ನವೆಂಬರಿನಲ್ಲಿ ಟೆಕ್ಸಾಸ್ ಮತದಾರರು ತಮ್ಮ ರಾಜ್ಯದ ಸಂವಿಧಾನಕ್ಕೇ ತಿದ್ದುಪಡಿ ತಂದರು: ಇಂಥ ಮನೆಯಲ್ಲಿರುವವರು ಒಬ್ಬ ಅತ್ಯಗತ್ಯ ಆರೈಕೆದಾರರನ್ನು ಹೆಸರಿಸಬಹುದು, ಅವರ ಭೇಟಿಯನ್ನು ಸಂಸ್ಥೆ ತಡೆಯುವಂತಿಲ್ಲ.